ಮೀನಿನ ಪೆಟಿಗಿ ಯಾರಿಗರ ಬೇಕೇನ್ರಿ?

ಕಡ್ಲಿ ಎಡಿ ಹೊಡದು ಮುಗಿಸೇನಿ. ಉಳ್ಳಾಗಡ್ಡಿ ದರದ ಬಗ್ಗೆ ಬರಿಯಾಕ ಕುಂತ್ರ ಬರೇ ಸಿಟ್ಟು ಬರ್ತೈತಿ, ಅದಕ್ಕ ಇವತ್ತು ಬ್ಯಾರೆ ವಿಷಯ.

ಹೋದ ವಾರ ಮುಂಡರಗಿ ಕಡೆಯ ಪರಿಚಯದ ರೈತರೊಬ್ಬರು ಫೋನ್ ಮಾಡಿದ್ರು. "ಅಣ್ಣಾರ, ಮನ್ಯಾಗ ಮೂರು ಫೂಟಿನ ಮೀನಿನ ಪೆಟಿಗಿ ಐತ್ರಿ, ಪುಕ್ಕಟೆ ಕೊಡ್ತೇನಿ, ಒಯ್ತೀರೇನು? ಮಗಳ ಮದುವಿ ಆತು, ನೋಡ್ಕೊಳ್ಳೋರು ಯಾರೂ ಇಲ್ಲ. ಒಂದ ಕರೀ ಮೀನ ಉಳದೈತಿ, ಅದನ್ನ ಹಳ್ಳಕ್ಕ ಬಿಟ್ಟು ಬರ್ತೇನಿ" ಅಂದ್ರು. ಕಡೀ ಮಾತು ಕೇಳಿ ಎದಿ ಧಸಕ್ ಅಂತು. ಯಾಕಂದ್ರ ಆ ಕೆಲಸ ನಾನೂ ಮಾಡೇನಿ.

ನಮ್ಮ ಮನಿಗೆ ಮೀನು ಬಂದಿದ್ದು 2011ರಾಗ. ಹೆಸರು ಮಾರಾಕ ಗದಗಿಗೆ ಹೋದಾಗ ಹುಡುಗನ್ನೂ ಕರಕೊಂಡು ಹೋಗಿದ್ದೆ. ಅಂಗಡಿ ಮುಂದ ನಿಂತಾಂವ ಅಲ್ಲಿಂದ ಅಳ್ಳಾಡಲಿಲ್ಲ. ಎರಡು ಫೂಟಿನ ಪೆಟಿಗಿ, ನಾಕು ಗೋಲ್ಡ್ ಫಿಶ್ ತಂದ್ವಿ. ಎಂಟು ದಿನದಾಗ ನಾಕೂ ಸತ್ತು ತೇಲಿದ್ವು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಪ್ಪು ನಂದಾ ಇತ್ತು. ಸ್ವಚ್ಛ ಇರಲಿ ಅಂತ ದಿನಾ ಬಿಟ್ಟು ದಿನಾ ಪೂರ್ತಿ ನೀರು ಚೆಲ್ಲಿ, ಕಲ್ಲೆಲ್ಲಾ ತಿಕ್ಕಿ ತೊಳದು ಹೊಸಾ ನೀರು ತುಂಬ್ತಿದ್ದೆ. ಆಮ್ಯಾಲ ತಿಳೀತು ನೋಡ್ರಿ. ಮೀನಿನ ಹೊಲಸಿನಿಂದ ಅಮೋನಿಯಾ ಆಗ್ತೈತಿ, ಅದು ಮೀನಿಗೆ ವಿಷ. ಅದನ್ನ ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡೋ ಸೂಕ್ಷ್ಮಜೀವಿಗಳು ಕಲ್ಲಿನ ಮ್ಯಾಲೆ, ಫಿಲ್ಟರಿನ ಸ್ಪಂಜಿನ್ಯಾಗ ಬೆಳೀಬೇಕು. ಅದಕ್ಕ ನಾಕರಿಂದ ಆರು ವಾರ ಬೇಕು. ನಮ್ಮ ಎರಿ ಹೊಲಕ್ಕ ಯೂರಿಯಾ ಹಾಕಿದ ಮ್ಯಾಲೆ ಮಣ್ಣಾಗ ನಡಿಯೋದೂ ಇದಾ ಕೆಲಸ. ಮೂವತ್ತು ವರ್ಷ ಯೂರಿಯಾ ಚೆಲ್ಲಿದರೂ ನನಗ ಇದು ಗೊತ್ತಾಗಿದ್ದು ಸತ್ತ ಮೀನಿನಿಂದ. ಪೆಟಿಗಿ ಅಟ್ಟಕ್ಕ ಏರಿಸಿದ ಭಾಳ ಮಂದಿ ಈ ಮೊದಲನೇ ತಿಂಗಳದಾಗನ ಬಿಟ್ಟವರು. "ನಮ್ಮ ಕೈಗುಣ ಸರಿ ಇಲ್ಲ" ಅಂತಾರ. ಕೈಗುಣ ಅಲ್ರಿ, ಅವಸರ.

ನಾವು ಬಿಡಲಿಲ್ಲ. ಎರಡು ಫೂಟಿಂದು ಮೂರು ಫೂಟಾತು. ಬೋರಿನ ಗಡಸು ನೀರಿಗೆ ಹೊಂದೋ ಗಪ್ಪಿ, ಮೋಲಿ ತಂದ್ವಿ. ಗಾಜಿಗೆ ಹತ್ತೋ ಪಾಚಿ ತಿನ್ನಾಕ ಅಂತ ಅಂಗಡಿಯವರು ಎರಡಿಂಚಿನ ಎರಡು 'ಕ್ಲೀನರ್' ಮೀನು ಕೊಟ್ಟರು. ಸಕ್ಕರ್ ಮೀನು ಅಂತಾರಲ್ಲ, ಅವಾ. ಎಷ್ಟು ದೊಡ್ಡದಾಗ್ತಾವು ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಹುಡುಗ ಕಾಲೇಜಿಗೆ ಹುಬ್ಬಳ್ಳಿಗೆ ಹೋದ. ಪೆಟಿಗಿ ಮನ್ಯಾಗ ಉಳೀತು. ಮೂರು ಫೂಟಿನ ಪೆಟಿಗಿ ಅಂದ್ರ ನೂರು ಲೀಟರಿಗೆ ಮ್ಯಾಲೆ ನೀರು, ತೂಕದಾಗ ಒಂದು ಕ್ವಿಂಟಲ್. ವಾರಕ್ಕ ಕಾಲು ಭಾಗ ಬದಲಿಸಬೇಕು, ಅಂದ್ರ ಎರಡು ಕೊಡ. ಕೇಳಾಕ ಎರಡಾ ಕೊಡ. ಆದ್ರ ಬ್ಯಾಸಗ್ಯಾಗ ನಮ್ಮ ಬೋರ್ ತಾಸಿಗೆ ಕೆಮ್ಮಿ ನಿಲ್ತಿತ್ತು, ನಳಕ್ಕ ನೀರು ಯಾವಾಗ ಬಿಡ್ತಾರಂತ ಕಾಯೋದು. ಆ ಎರಡು ಕೊಡ ಹೊರ್ತಿದ್ದವರು ಯಾರು? ನಾನಲ್ಲ. ನಾನು ಹೊಲದಿಂದ ಬಂದು ಖುರ್ಚಿ ಹಾಕ್ಕೊಂಡು ಮೀನು ನೋಡ್ಕೋತ ಚಾ ಕುಡಿಯಾಂವ. ಒಂದಿನ ಮನಿಯಾಕಿ ಕೊಡ ನೆಲಕ್ಕ ಕುಕ್ಕಿ, "ಎಮ್ಮಿ ಹಾಲರ ಕೊಡ್ತಾವು. ಇವು ಏನ್ ಕೊಡ್ತಾವ್ರಿ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಬೆಟಗೇರಿಯ ನಮ್ಮ ಬೀಗರದೂ ಇದಾ ಕತಿ. ಗದಗ-ಬೆಟಗೇರಿಗೆ ಹಮ್ಮಿಗಿಯಿಂದ ತುಂಗಭದ್ರೆ ನೀರು ಬರ್ತೈತಿ ಅನ್ನೋದು ಖರೆ, ಆದ್ರ ನಳ ಬಂದ ದಿನ ಹಿಡಿದಿಟ್ಟ ನೀರಾಗ ಮೀನಿನ ಪಾಳಿ ಕಡೀಕ. ಮ್ಯಾಲೆ ನಳದ ನೀರಿಗೆ ಕ್ಲೋರಿನ್ ಹಾಕಿರ್ತಾರ, ಒಂದು ದಿನ ಬಕೀಟಿನ್ಯಾಗ ತೆರೆದಿಡಬೇಕು. ಕರೆಂಟ್ ಹೋದ್ರ ಗಾಳಿ ಪಂಪ್ ಬಂದ್. ಮೀನಿನ ಮ್ಯಾಲಿನ ಪ್ರೀತಿ ಹೋಗಿ ಯಾರೂ ಬಿಡೂದಿಲ್ರಿ. ನೀರು ಹೊರೋ ಕೈ ಸೋತಾಗ ಬಿಡ್ತಾರ.

ನಾವೂ ಬಿಟ್ವಿ. ಸಣ್ಣ ಮೀನು ಹಿತ್ತಲದ ಹಳೇ ಸಿಮೆಂಟ್ ಟಾಕಿಗೆ ಹಾಕಿದ್ವಿ. ಸಕ್ಕರ್ ಎರಡೂ ಅಷ್ಟೊತ್ತಿಗೆ ಮೊಣಕೈ ಉದ್ದ ಆಗಿದ್ದವು, ಮೈ ಮ್ಯಾಲೆ ಕಬ್ಬಿಣದಂಥಾ ಹಲ್ಲೆ. ಕೃಷಿ ಭಾಗ್ಯದಾಗ ತೆಗೆದ ಹೊಂಡ ಇತ್ತಲ್ಲ, ಅದರಾಗ ಬಿಟ್ಟೆ. ಪುಣ್ಯದ ಕೆಲಸ ಮಾಡಿದೆ ಅಂತ ತಿಳಕೊಂಡಿದ್ದೆ. ಆ ವರ್ಷ ಹಿಂಗಾರಿ ಮಳಿ ಜೋರಾಗಿ ಹೊಂಡ ತುಂಬಿ ಹರೀತು. ಬ್ಯಾಸಗಿಗೆ ಹೊಂಡ ತಳ ಕಂಡಾಗ ಎರಡೂ ಇರಲಿಲ್ಲ. ಹಳ್ಳ ಸೇರಿದ್ವು ಅಷ್ಟ.

ಈ ಮೀನು ದಕ್ಷಿಣ ಅಮೆರಿಕದ್ದು. ನೀರು ಕೆಟ್ಟರ ಮ್ಯಾಲೆ ಬಂದು ಬಾಯಿಲೆ ಗಾಳಿ ನುಂಗಿ ಬದುಕ್ತೈತಿ. ಕೆರಿ ದಂಡ್ಯಾಗ ಬಿಲ ತೋಡಿ ಮರಿ ಮಾಡ್ತೈತಿ. ಬಲಿಗೆ ಬಿದ್ರ ಮುಳ್ಳಿನಿಂದ ಬಲಿನಾ ಹರೀತೈತಿ, ತಿನ್ನವರು ಕಮ್ಮಿ. ಕೇರಳ, ತಮಿಳುನಾಡು, ಆಂಧ್ರ, ಬಂಗಾಳದ ನೀರಾಗ ಈಗಾಗಲೇ ಹಬ್ಬೈತಿ, ಎಲ್ಲಾ ಗಾಜಿನ ಪೆಟಿಗಿಯಿಂದ ಹೊರಗ ಬಿದ್ದದ್ದು. ಎರಡು ವರ್ಷದ ಮ್ಯಾಲೆ ನಮ್ಮ ಕಡೆ ಕೆರ್ಯಾಗ ಮೀನು ಹಿಡಿಯವರೊಬ್ಬರು ಹರದ ಬಲಿ ತೋರಿಸಿ, "ಇದೆಂಥಾ ದರಿದ್ರ ಮೀನೋ ಮಾರಾಯಾ" ಅಂತ ಬಯ್ಕೋತ ಒಂದನ್ನ ದಂಡಿಗೆ ಒಗೆದಿದ್ರು. ಅದು ನಂದೋ, ಮತ್ತೊಬ್ಬರದೋ. ನಾನು ಅವರ ಮುಂದ ಬಾಯಿ ಬಿಡಲಿಲ್ಲ. ಇವತ್ತಿಗೂ ಹೇಳಿಲ್ಲ.

2020ರ ಲಾಕ್‌ಡೌನಿನ್ಯಾಗ ಹುಡುಗ ಮನಿಗೆ ಬಂದ. ಬೀಜದ ಪಾಕೀಟು ತುಂಬಿಟ್ಟಿದ್ದ ಪೆಟಿಗಿ ತೊಳದು ಮತ್ತ ಶುರು ಮಾಡೂಣು ಅಂದ. ಅವನ ಅವ್ವ ಒಪ್ಪಲಿಲ್ಲ. "ಹಿತ್ತಲದ ಟಾಕಿ ನೋಡು ಹೋಗು" ಅಂದಳು. ಹೋಗಿ ನೋಡಿದ್ರ, ಬಿಟ್ಟ ಎಂಟು ಗಪ್ಪಿ ನೂರಾಗಿದ್ವು! ಕೆರಿಯಿಂದ ತಂದು ಒಗೆದಿದ್ದ ನೀರಿನ ಹುಲ್ಲು ಬೆಳೆದಿತ್ತು. ಫಿಲ್ಟರ್ ಇಲ್ಲ, ಪಂಪ್ ಇಲ್ಲ. ಆರಿ ಹೋದಷ್ಟು ನೀರು ಆಕಿನಾ ಪಾತ್ರಿ ತೊಳಿಯೂ ಮುಂದ ಒಂದು ತಂಬಗಿ ಹಾಕ್ತಿದ್ದಳಂತ. ಸೊಳ್ಳಿ ಮರಿ ಒಂದೂ ಇಲ್ಲ. ಗಪ್ಪಿ ಸೊಳ್ಳಿ ಮರಿ ತಿಂತಾವು, ಆರೋಗ್ಯ ಇಲಾಖೆಯವರೂ ಅದಕ್ಕಾ ಬಿಡ್ತಾರ. ಮೀನು ಬಿಟ್ಟೇವಿ ಅಂತ ನಾನು ಊರೆಲ್ಲಾ ಹೇಳ್ಕೋತ ಅಡ್ಡ್ಯಾಡಿದ್ದೆ. ಆಕಿ ಬಿಟ್ಟಿರಲಿಲ್ಲ, ಸಣ್ಣದು ಮಾಡಿದ್ದಳು ಅಷ್ಟ. ಆದ್ರ ಗಪ್ಪಿನೂ ಹೊರಗಿನ ಮೀನಾ, ಟಾಕ್ಯಾಗ ಇರಲಿ, ಕೆರಿಗೆ ಬ್ಯಾಡ.

ಅದಕ್ಕ ಮುಂಡರಗಿ ಅವರಿಗೆ "ಹಳ್ಳಕ್ಕ ಬಿಡಬ್ಯಾಡ್ರಿ, ನಾ ಬರ್ತೇನಿ" ಅಂದೆ. ಶಿರಹಟ್ಟಿ ಹತ್ರ ಮಾಗಡಿ ಕೆರಿಗೆ ಈಗ ಹೆಬ್ಬಾತು ಬರೋ ಹೊತ್ತು. 2024ರಾಗ ರಾಮ್ಸಾರ್ ಪಟ್ಟಿಗೆ ಸೇರಿದ ಕೆರಿ ಅದು. ಅಂಥಾ ಕೆರ್ಯಾಗೂ ಯಾರರ ಒಂದು ಬಕೀಟು ಸುರುವಿ ಕೈ ತೊಳಕೊಂಡ್ರ ತಡಿಯವರು ಯಾರು?

ಮುಚ್ಚಳದ ಬಕೀಟಿನ್ಯಾಗ ಮೀನು ತಂದೆ. ಗದಗಿನ ಅಂಗಡಿಗೆ ಒಯ್ದರ "ದೊಡ್ಡದು ನಮಗ ಬ್ಯಾಡ್ರಿ" ಅಂದ್ರು. ಕೊಲ್ಲಾಕ ಮನಸ್ಸು ಬರಲಿಲ್ಲ. ದನದ ಕೊಟ್ಟಿಗ್ಯಾಗ ನೀಲಿ ಡ್ರಮ್ ಉದ್ದಕ ಕೊಯ್ದು ಅದರಾಗ ಇಟ್ಟೇನಿ, ಮ್ಯಾಲೆ ಜಾಳಗಿ. ಅದಕ್ಕ ಆ ಜಾಗಾ ಸಾಲೂದಿಲ್ಲ, ಗೊತ್ತೈತಿ. ದೊಡ್ಡ ಟಾಕಿ ಇದ್ದವರು, ಸಾಕೂ ಮನಸ್ಸಿದ್ದವರು ಯಾರರ ಇದ್ರ ಹೇಳ್ರಿ, ನಾನಾ ತಂದು ಕೊಡ್ತೇನಿ. ನಿಮ್ಮ ಮನ್ಯಾಗ ಇಂಥಾ ಮೀನಿದ್ರ ಹಳ್ಳಕ್ಕ ಒಯ್ಯೂ ಮೊದಲು ಒಂದು ಮಾತು ತಿಳಿಸ್ರಿ.

ಮನಿಯಾಕಿ ಬಂದು ನೋಡಿ, "ಇದರ ಕೊಡ ನಿಮ್ಮ ಪಾಲಿಂದು" ಅಂತ ಹೇಳಿ ಒಳಗ ಹೋದಳು. ಇವತ್ತು ರವಿವಾರ. ಬೋರಿಗೆ ನಾಕಕ್ಕ ಕರೆಂಟ್ ಬರ್ತೈತಿ, ಅಷ್ಟರಾಗ ಎರಡು ಕೊಡ ಹಳೇ ನೀರು ತೆಗೆದು ಕರಿಬೇವಿನ ಗಿಡಕ್ಕ ಹಾಕಬೇಕು.