ಬ್ಲೂಮಿಂಗ್‌ಟನ್ನಿನ ನಾಯಕಿ

ಅಮೆರಿಕಾ ದೇಶದ ಇಂಡಿಯಾನಾ ಸಂಸ್ಥಾನದಲ್ಲಿ ಬ್ಲೂಮಿಂಗ್‌ಟನ್ ಎಂಬುದೊಂದು ವಿದ್ಯಾನಗರವುಂಟು. 1820ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೇ ಅದರ ಜೀವಾಳ. ಆ ಸೀಮೆಯ ಸುಣ್ಣಕಲ್ಲು ಬಹು ಪ್ರಸಿದ್ಧವಾದುದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಸೌಧಕ್ಕೆ ಹೊದಿಸಿದುದೂ ಅದೇ ಕಲ್ಲು. ಹಳೆಯ ರೈಲುಹಾದಿಯ ಜಾಡಿನಲ್ಲಿ ಮಾಡಿದ ಕಾಲುದಾರಿಯೊಂದು ಪಟ್ಟಣದ ನಡುವೆ ಹಾಯುತ್ತದೆ. ಅದರಲ್ಲಿ ನಡೆಯುತ್ತಿರಲು, ಮಕ್ಕಳ ವಿಜ್ಞಾನ ಪ್ರದರ್ಶನಶಾಲೆಯ ಬಳಿ ನಾವು ಒಂದು ಕಂಚಿನ ಪ್ರತಿಮೆಯನ್ನು ಕಂಡೆವು.

ಕಲ್ಲಿನ ಪೀಠದ ಮೇಲೆ ಎದೆಯವರೆಗಿನ ಸ್ತ್ರೀಮೂರ್ತಿ. ಆಕೆ ರಾಣಿಯಲ್ಲ, ದಾನಿಯಲ್ಲ, ಹುಟ್ಟಿದವಳೂ ಅಲ್ಲ! ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಕಥಾಮಾಲೆಯ ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ ಇಪ್ಪತ್ತನಾಲ್ಕನೆಯ ಶತಮಾನದಲ್ಲಿ ಈ ಊರಿನಲ್ಲಿ ಹುಟ್ಟುವಳೆಂದು ಕಲ್ಪನೆ. ಕಥೆಯನ್ನು ರೂಪಿಸಿದ ಮೂವರಲ್ಲೊಬ್ಬರಾದ ಜೆರಿ ಟೇಲರ್ ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಓದಿದವರು. ಅಭಿಮಾನಿಗಳು ತಾವೇ ಹಣ ಕೂಡಿಸಿ, 2020ರ ಅಕ್ಟೋಬರಿನಲ್ಲಿ ಪ್ರತಿಮೆಯನ್ನು ನಿಲ್ಲಿಸಿದರು.

ಕಲ್ಪಿತ ಸ್ತ್ರೀಗೆ ಇಷ್ಟು ಗೌರವವೇಕೆಂದು ವಾಚಕರು ಕೇಳಬಹುದು. 1966ರಲ್ಲಿ ಆರಂಭವಾದ ಮೊದಲ ಮಾಲೆಯಲ್ಲಿ ಉಹುರಾ ಎಂಬ ಅಧಿಕಾರಿಣಿಯಿದ್ದಳು. ಆ ಪಾತ್ರವನ್ನು ಧರಿಸಿದ ನಿಶೆಲ್ ನಿಕಲ್ಸ್ ಮುಂದೆ 1977ರಿಂದ ನಾಸಾ ಸಂಸ್ಥೆಗೆ ಸ್ತ್ರೀಯರನ್ನು ಆಹ್ವಾನಿಸುವ ಕಾರ್ಯವನ್ನೂ ಮಾಡಿದರು. ಆದರೂ 1969ರಲ್ಲಿ ಆ ಮಾಲೆಯ ಕಟ್ಟಕಡೆಯ ಕಥೆಯಲ್ಲಿ, ನೌಕಾನಾಯಕರ ಲೋಕದಲ್ಲಿ ಹೆಂಗಸಿಗೆ ಸ್ಥಳವಿಲ್ಲವೆಂದು ಒಬ್ಬ ಸ್ತ್ರೀಪಾತ್ರದ ಬಾಯಲ್ಲಿಯೇ ಆಡಿಸಿದರು. ಅದು ಅನೇಕ ಪ್ರೇಕ್ಷಕಿಯರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. 1995ರಲ್ಲಿ ಕೇಟ್ ಮಲ್‌ಗ್ರೂ ಜೇನ್‌ವೇಯಾಗಿ ಬಂದಾಗ ಆ ಮಾತಿಗೆ ಉತ್ತರ ದೊರೆಯಿತು. ಎಪ್ಪತ್ತು ಸಾವಿರ ಜ್ಯೋತಿರ್ವರ್ಷಗಳ ದೂರಕ್ಕೆ ಸಿಡಿದು ಬಿದ್ದ ‘ವಾಯೇಜರ್’ ನೌಕೆಯನ್ನೂ ಜನರನ್ನೂ ಮನೆಗೆ ತರುವ ಭಾರವನ್ನು ಆಕೆ ಏಳು ವರ್ಷ ಹೊತ್ತಳು.

ಆದರೆ ಅಭಿಮಾನವೆಂದರೆ ಕುರುಡು ಭಕ್ತಿಯಲ್ಲ. 1997ರಲ್ಲಿ ‘ಸೆವೆನ್ ಆಫ್ ನೈನ್’ ಎಂಬ ಯುವತಿಯನ್ನು ಮೈಗೆ ಅಂಟಿದ ಉಡುಪಿನಲ್ಲಿ ತಂದಾಗ, ಇದು ಬುದ್ಧಿಗಿಂತ ದೇಹವನ್ನು ತೋರಿಸುವ ಹಂಚಿಕೆಯೆಂದು ಆ ಸ್ತ್ರೀಯರೇ ಆಕ್ಷೇಪಿಸಿದರು. ಇನ್ನು ಕೆಲವರು, ಉಡುಪು ಹೇಗಾದರೂ ಇರಲಿ, ಗುರುಶಿಷ್ಯೆಯರಂತೆ ಇವರಿಬ್ಬರು ಶಾಸ್ತ್ರವನ್ನೂ ಮನುಷ್ಯತ್ವವನ್ನೂ ಕುರಿತು ಮಾತನಾಡುವುದು ಬೇರೆಲ್ಲಿ ಸಿಕ್ಕೀತೆಂದರು. ಎರಡು ಪಕ್ಷದಲ್ಲಿಯೂ ನ್ಯಾಯವಿದೆಯೆಂದು ನಮಗೆ ತೋರುತ್ತದೆ.

ನಮ್ಮ ನಾಟ್ಯಶಾಸ್ತ್ರವು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಪತಿಗಾಗಿ ಸಿಂಗರಿಸಿಕೊಂಡವಳು, ವಿರಹದಿಂದ ಬೆಂದವಳು, ಮುನಿದವಳು, ಸಂಕೇತಸ್ಥಾನಕ್ಕೆ ಹೊರಟವಳು—ಎಂಟೂ ಪ್ರಿಯನನ್ನು ಅವಲಂಬಿಸಿದ ಅವಸ್ಥೆಗಳೇ. ದಾರಿ ತಪ್ಪಿದ ನೂರಾರು ಜನರನ್ನು ಮನೆಗೆ ಮುಟ್ಟಿಸುವವಳನ್ನು ಆ ಪಟ್ಟಿಯ ಯಾವ ಸಾಲಿನಲ್ಲಿ ಬರೆಯೋಣ? ಶಾಸ್ತ್ರವನ್ನು ನಲವತ್ತು ವರ್ಷ ಪಾಠ ಹೇಳಿದ ನಾವು ಅದನ್ನು ಹಗುರಾಗಿ ಕಾಣುವವರಲ್ಲ. ಆದರೆ ಲಕ್ಷ್ಯವು ಬೆಳೆದಂತೆ ಲಕ್ಷಣವೂ ಬೆಳೆಯಬೇಕು. ಹೆಣ್ಣುಮಕ್ಕಳು ಮನೆಯಲ್ಲಿ ಕಥೆ ಕೇಳುತ್ತ, ‘ಇದರಲ್ಲಿ ಅವಳು ಮಾಡಿದ್ದೇನು?’ ಎಂದು ಕೇಳಿದರೆ ಹಿರಿಯರು ಗದರಿಸದಿರಲಿ. ಆ ಪ್ರಶ್ನೆಗೆ ನೆಟ್ಟಗೆ ಉತ್ತರವಿರುವ ಕಥೆಗಳನ್ನು ಹುಡುಕಿ ಹೇಳುವುದು ಗೃಹಸ್ಥರ ಕರ್ತವ್ಯ.