ನಾಲ್ಕು ಚಕ್ರಗಳ ಪಾಠ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, ಉದ್ಯೋಗನಿಮಿತ್ತ ಕೆನಡಾಕ್ಕೆ ಹೊರಟಿರುವುದಾಗಿ ತಿಳಿಸಿ ಆಶೀರ್ವಾದ ಬೇಡಿದ. "ಒಳ್ಳೆಯದಾಗಲಿ. ಅಲ್ಲಿ ಕಾರು ಕೊಂಡರೆ ಚಳಿಗಾಲದ ಟೈರುಗಳನ್ನು ನಾಲ್ಕೂ ಚಕ್ರಗಳಿಗೆ ಹಾಕಿಸು, ಎರಡಕ್ಕೆ ಮಾತ್ರ ಬೇಡ" ಎಂದೆ. ಮೇಷ್ಟರು ನಿವೃತ್ತಿಯ ನಂತರ ಟೈರಿನ ವ್ಯಾಪಾರಕ್ಕಿಳಿದರೇನೋ ಎಂದುಕೊಂಡಿರಬೇಕು, ನಕ್ಕುಬಿಟ್ಟ. ಆ ಮಾತಿನ ಹಿಂದೆ ಬಂಧುಗಳಿಗೂ ನಾನು ಹೇಳದೆ ಉಳಿಸಿಕೊಂಡ ಒಂದು ಪ್ರಸಂಗವಿದೆ.

2016ರಲ್ಲಿ ನಿವೃತ್ತನಾದ ಮರುವರ್ಷ ನವೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಒಟ್ಟಾವಾದಲ್ಲಿರುವ ಮಗನ ಮನೆಗೆ ಹೋದೆವು. ಒಂದು ಚಳಿಗಾಲದಲ್ಲಿ ಸುಮಾರು 2 ಮೀಟರ್ ಹಿಮ ಬೀಳುವ ನಗರವದು. ನದಿಯ ಆಚೆ ದಡ ಕ್ವಿಬೆಕ್ ಪ್ರಾಂತ. ಅಲ್ಲಿ 2008ರಿಂದ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯ. ಈಗ ಆ ಅವಧಿ ಡಿಸೆಂಬರ್ 1ರಿಂದ ಮಾರ್ಚ್ 15. ಈಚೆ ದಡದ ಒಂಟಾರಿಯೊದಲ್ಲಿ ಅಂತಹ ಕಡ್ಡಾಯವಿಲ್ಲ. ಹಾಕಿಸಿದವರಿಗೆ ವಿಮೆಯಲ್ಲಿ ರಿಯಾಯಿತಿಯುಂಟು, ಅಷ್ಟೆ.

ಮಗ ಆ ವರ್ಷವೇ ಕಾರು ಕೊಂಡಿದ್ದ. "ಅಪ್ಪಯ್ಯ, ನಾಲ್ಕೂ ಟೈರು ಬದಲಿಸಬೇಕಂತೆ" ಎಂದು ಬೆಲೆ ಹೇಳಿದ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ನನಗೆ ಎದೆ ಧಸಕ್ಕೆಂದಿತು. ಒಂದೇ ಚಪ್ಪಲಿಗೆ ಮೂರು ಸಲ ಅಟ್ಟೆ ಹಾಕಿಸಿ ಬಾಳಿದವನು ನಾನು. ಕೂಡಲೇ ನನ್ನೊಳಗಿನ ವಿಜ್ಞಾನದ ಮೇಷ್ಟರು ಎದ್ದು ನಿಂತರು. "ಇಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಿನವು ಸುಮ್ಮನೆ ಉರುಳುತ್ತವೆ. ಅವಕ್ಕೇಕೆ ದುಡ್ಡು?" ಎಂದು ತರ್ಕ ಹೂಡಿದೆ. ಮಗ ಎದುರಾಡಲಿಲ್ಲ. ಸಹೋದ್ಯೋಗಿಯೊಬ್ಬರಲ್ಲಿದ್ದ ಎರಡು ಚಳಿಗಾಲದ ಟೈರುಗಳನ್ನು ತಂದ. ಮನೆಯಂಗಳದಲ್ಲಿ ಜಾಕ್ ಏರಿಸಿ ಮುಂದಿನ ಚಕ್ರಗಳಿಗೆ ಜೋಡಿಸಿದೆವು. ನಟ್ಟುಗಳನ್ನು ಬಿಗಿದವನು ನಾನೇ.

ಡಿಸೆಂಬರಿನ ಒಂದು ಸಂಜೆ ಮೊಮ್ಮಗಳನ್ನು ಸಂಗೀತದ ತರಗತಿಯಿಂದ ಕರೆತರುತ್ತಿದ್ದೆವು. ಇಳಿಜಾರಿನ ತಿರುವಿನಲ್ಲಿ ಮಗ ಬ್ರೇಕ್ ಒತ್ತಿದ. ಮುಂದಿನ ಚಕ್ರಗಳು ರಸ್ತೆಯನ್ನು ಕಚ್ಚಿ ಹಿಡಿದವು, ಹಿಂದಿನವು ಹಿಡಿತ ತಪ್ಪಿದವು. ಕಾರು ಬುಗುರಿಯಂತೆ ಅರ್ಧ ಸುತ್ತು ತಿರುಗಿ ರಸ್ತೆಬದಿಯ ಹಿಮದ ರಾಶಿಗೆ ಬೆನ್ನು ಕೊಟ್ಟು ನಿಂತಿತು. ಆ ಕ್ಷಣ ಎದುರಿನಿಂದ ಯಾವ ವಾಹನವೂ ಬರಲಿಲ್ಲ, ಅದು ನಮ್ಮ ಪುಣ್ಯ. ಹಿಂದಿನ ಆಸನದಲ್ಲಿ ಮಗು ಅಳಲೂ ಮರೆತು ಕುಳಿತಿತ್ತು. ಮಗ ನನ್ನ ಕಡೆ ನೋಡದೆ, "ಏನೂ ಆಗಿಲ್ಲ ಅಪ್ಪಯ್ಯ" ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಟೈರಿನ ಅಂಗಡಿಗೆ ಹೋದೆವು. ಅಲ್ಲಿದ್ದ ಹಿರಿಯ ಕೆಲಸಗಾರ ನಮ್ಮ ಕಾರಿನ ಹಿಂದಿನ ಟೈರನ್ನೂ ಅಲ್ಲೇ ಹೊರಗಿಟ್ಟಿದ್ದ ಚಳಿಗಾಲದ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದ. ಮೊದಲನೆಯದು ಮರದಂತೆ ಬಿರುಸಾಗಿತ್ತು, ಎರಡನೆಯದು ತುಸು ಒತ್ತಿಕೊಂಡಿತು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಸಾಧಾರಣ ಟೈರಿನ ರಬ್ಬರ್ ಗಡಸಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರಿನ ಮಿಶ್ರಣವೇ ಬೇರೆ, ಅದು ಶೀತದಲ್ಲೂ ಮೃದುವಾಗಿರುತ್ತದೆ. ಅದರ ಮೈಮೇಲಿನ, ಚಾಕುವಿನಿಂದ ಗೀರಿದಂತಹ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು: ಈ ಗುರುತನ್ನು ನೋಡಿ ಕೊಳ್ಳಬೇಕು. ಎಲ್ಲ ಋತುಗಳ ಟೈರೆಂಬ ಹೆಸರನ್ನು ನಂಬಿ ಕೂರಬಾರದು. ಹೊರಗಂಚಿನ ಗಾಡಿಯ ಆಳ 4.8 ಮಿಲಿಮೀಟರಿಗಿಂತ ಕಡಿಮೆಯಾದರೆ ಚಳಿಗಾಲಕ್ಕೆ ಅದು ಸಾಲದು.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಹಿಡಿತ ಹೆಚ್ಚು ಬೇಕಾದ ಹೊತ್ತಿನಲ್ಲೇ ಅವಕ್ಕೆ ಅದು ಕಡಿಮೆ. ಕಾರು ಹೊರಡುವುದನ್ನಷ್ಟೇ ನಾನು ಲೆಕ್ಕ ಹಾಕಿದ್ದೆ, ನಿಲ್ಲುವುದನ್ನೂ ತಿರುಗುವುದನ್ನೂ ಮರೆತಿದ್ದೆ. ನಾಲ್ಕು ಹೊಸ ಟೈರುಗಳ ಹಣ ನಾನೇ ಕೊಡುತ್ತೇನೆಂದೆ, ಮಗ ಒಪ್ಪಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಮರದ ತುಂಡಿಗೆ ಸ್ಪ್ರಿಂಗ್ ತ್ರಾಸು ಸಿಕ್ಕಿಸಿ ಮೇಜಿನ ಮೇಲೆ ಎಳೆದು ತೋರಿಸಿದ್ದು ನಿಮಗೆ ನೆನಪಿರಬಹುದು. "ಘರ್ಷಣೆಯು ತಾಗುವ ಮೇಲ್ಮೈಗಳ ಸ್ವಭಾವವನ್ನು ಅವಲಂಬಿಸುತ್ತದೆ" ಎಂದು ಬರೆದವರಿಗೆಲ್ಲ ಪೂರ್ಣ ಅಂಕ ಕೊಟ್ಟಿದ್ದೇನೆ. ಆ ಸ್ವಭಾವವೇ ಚಳಿಗೆ ಬದಲಾಗುತ್ತದೆಂದು ನಾನು ಹೇಳಿಕೊಡಲಿಲ್ಲ, ನನಗದು ಹೊಳೆದಿರಲೂ ಇಲ್ಲ. ಆ ಪಾಠದ ಕೊನೆಗೆ ಇದೊಂದು ಸಾಲನ್ನು ಈಗ ಸೇರಿಸಿಕೊಳ್ಳಿ. ಹಿಮದ ನಾಡಿನಲ್ಲಿರುವ ಮಕ್ಕಳಿಗೆ ಇಲ್ಲಿಂದ ಉಳಿತಾಯದ ಉಪದೇಶ ಮಾಡುವ ನನ್ನ ಓರಗೆಯ ಹಿರಿಯರಿಗೂ ಒಂದು ಮಾತು: ಆ ನೆಲದ ಸಂಗತಿಯನ್ನು ಆ ನೆಲದಲ್ಲಿ ಬಾಳುವವರಿಗೇ ಬಿಡೋಣ.