ಮನೆಯ ವಿಕ್ರಯ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಜನಕ್ಕೆ ಪೂಜ್ಯವಾದುದು. ಎತ್ತುಗಳ ಬೆನ್ನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದೇಶವನ್ನಲೆದ ಈ ಜನಕ್ಕೆ ಒಂದಾನೊಂದು ಕಾಲದಲ್ಲಿ ಮನೆಯೆಂಬುದು ಬಿಚ್ಚಿ ಕಟ್ಟುವ ವಸ್ತುವಾಗಿದ್ದಿತು; ಅದನ್ನು ಮಾರುವ ಮಾತೇ ಇರಲಿಲ್ಲ. ತಾಂಡಾಗಳು ನೆಲೆನಿಂತ ಮೇಲೂ ಗೋಡೆ ತಮ್ಮದು, ನೆಲದ ಕಾಗದ ಮಾತ್ರ ತಮ್ಮದಲ್ಲವೆಂಬ ಸ್ಥಿತಿಯು ನಾಡಿನ ಅನೇಕ ಕಡೆಗಳಲ್ಲಿ ಬಹುಕಾಲ ನಡೆದುಬಂದಿತು. ದಾಖಲೆಯಿಲ್ಲದ ಜನವಸತಿಗಳವರಿಗೆ ಮನೆಯಡಿಯ ಸ್ಥಳದ ಒಡೆತನವನ್ನು ಕೊಡುವ ತಿದ್ದುಪಡಿಯು 1961ರ ಭೂಸುಧಾರಣಾ ಶಾಸನಕ್ಕೆ ಸೇರಿ ಜಾರಿಗೆ ಬಂದುದು 2017ರಲ್ಲಿ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಉತ್ತರದ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಲಾಯಿತು.

ಇಂತಹ ಊರೊಂದರಲ್ಲಿ ಮಕ್ಕಳು ಬೆಂಗಳೂರು ಸೇರಿ, ವೃದ್ಧೆಯಾದ ತಾಯಿಯೊಬ್ಬಳೇ ಉಳಿದ ಮನೆಯನ್ನು ಮಾರಬೇಕಾಗಿ ಬಂದಾಗ ಮೊದಲು ಹುಟ್ಟುವ ಪ್ರಶ್ನೆಯು ಯಾರಿಗೆ ಮಾರುವುದೆಂಬುದು. ಪಕ್ಕದ ಮನೆಯವನು ಬೇರೆಯವರಿಗಿಂತ ಹೆಚ್ಚು ಕೊಡಬಲ್ಲನು. ನಡುವಣ ಗೋಡೆಯನ್ನು ಕೆಡವಿದರೆ ಅವನ ಹಿತ್ತಿಲು ಎರಡರಷ್ಟಾಗುತ್ತದೆ. ಆದರೆ ಮಾರುವವರ ಅವಸರವನ್ನು ಬಲ್ಲವನೂ ಅವನೇ. ಸಾಲಗಾರನು ಬಂದು ಹೋದ ದಿನವನ್ನು ಅವನು ಜಗಲಿಯಿಂದಲೇ ಕಂಡಿರುತ್ತಾನೆ! ದಲ್ಲಾಳಿಯು ದೂರದವರನ್ನು ತರುತ್ತಾನೆ. ಅವನ ದಳ್ಳಾಳಿಯಾದರೋ ವ್ಯಾಪಾರ ಮುಗಿದರೆ ದೊರೆಯತಕ್ಕದ್ದು, ಬೆಲೆ ಏರಿದರೆ ಅಲ್ಲ. ಫೆಬ್ರವರಿಯ ಸೇವಾಲಾಲ ಜಯಂತಿಗೆ ಸಾವಿರಾರು ಯಾತ್ರಿಕರು ಬಂದಾಗ ಕ್ಷೇತ್ರದಲ್ಲಿ ಮನೆ ಬೇಕೆನ್ನುವವರೂ ಸಿಗಬಹುದು. ಆ ಭಕ್ತಿಯು ಊರಿಗೆ ಹಿಂದಿರುಗಿದ ಮೇಲೂ ಉಳಿಯುವುದೇ ಎಂಬುದು ಮುಂಗಡದ ಮೊತ್ತದಿಂದ ತಿಳಿಯುತ್ತದೆ. ಆ ಮುಂಗಡವೂ 20,000 ರೂಪಾಯಿ ಅಥವಾ ಹೆಚ್ಚಾದರೆ ನಗದಾಗಿ ಪಡೆಯಲಾಗದು, ಬ್ಯಾಂಕಿನ ಮೂಲಕವೇ ಬರಬೇಕು.

ಮನೆಯವರು ತಮ್ಮೊಳಗೆ ಒಂದು ಕನಿಷ್ಠ ಬೆಲೆಯನ್ನು ನಿಶ್ಚಯಿಸಿ, ಅದನ್ನು ಯಾರಿಗೂ ಹೇಳದೆ, ಎರಡು ಮೂರು ಕಡೆಗೆ ಏಕಕಾಲದಲ್ಲಿ ಸುದ್ದಿ ಮುಟ್ಟಿಸುವುದು ಲೇಸು. ನೆರೆಯವನ ಬೆಲೆಯು ಪರಸ್ಥಳದವನು ಬಂದು ನೋಡಿಹೋದ ಮರುದಿನ ಏರುವುದುಂಟು.

ಕಾಗದಗಳ ವಿಷಯದಲ್ಲಿ ದಾಕ್ಷಿಣ್ಯವು ಸಲ್ಲದು. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಸ್ವತ್ತಿನ ಕ್ರಯವು ನೋಂದಣಿಯಾಗಲೇಬೇಕು. ಮುಖ್ತ್ಯಾರುಪತ್ರದ ಮೇಲೆ ಮಾರಿದರೆ ಒಡೆತನ ದಾಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ. ಪಂಚಾಯತಿಯ ಇ-ಸ್ವತ್ತು ದಾಖಲೆಯನ್ನೂ ಋಣಭಾರ ಪತ್ರವನ್ನೂ ಗಿರಾಕಿ ಕೇಳುವ ಮೊದಲೇ ತೆಗೆದಿಟ್ಟವನಿಗೆ ಚೌಕಾಶಿಯಲ್ಲಿ ಬಲವುಂಟು. ಪರಿಶಿಷ್ಟ ಜಾತಿಯವರಿಗೆ ಸರಕಾರವು ಮಂಜೂರು ಮಾಡಿದ ಜಮೀನಿನಲ್ಲಿ ಮನೆಯೆದ್ದಿದ್ದರೆ 1978ರ ಶಾಸನವನ್ನು ಮೊದಲು ವಿಚಾರಿಸತಕ್ಕದ್ದು. ಪೂರ್ವಾನುಮತಿಯಿಲ್ಲದೆ ಅಂತಹ ಜಮೀನನ್ನು ಪರಭಾರೆ ಮಾಡುವುದನ್ನು ಅದು ನಿಷೇಧಿಸುತ್ತದೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗೆ ಸೇರಿದವರು.

ಪಿತ್ರಾರ್ಜಿತವಾದ ಮನೆಯಾದರೆ ಹೆಣ್ಣುಮಕ್ಕಳ ಮಾತು ಬರುತ್ತದೆ. 2005ರ ತಿದ್ದುಪಡಿಯ ಬಳಿಕ ಅವರೂ ಸಮಭಾಗಿಗಳು. ತವರಿನ ಬಾಗಿಲಿಗೆ ವರ್ಷಕ್ಕೊಮ್ಮೆ ಬರುವ ಮಗಳನ್ನು ಸಹಿಯ ದಿನ ಮಾತ್ರ ನೆನೆಯುವ ಅಣ್ಣತಮ್ಮಂದಿರಿದ್ದಾರೆ. ಅವಳ ಪಾಲನ್ನು ಮೊದಲೇ ಎಣಿಸಿ ಹೇಳಿದಲ್ಲಿ ಸಹಿಯು ಮನಃಪೂರ್ವಕವಾಗಿ ಬೀಳುತ್ತದೆ.

ಇನ್ನು ಆ ತಾಯಿ. ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ತನ್ನ ಭಾಷೆಯಾಡುವ ನೆರೆಯವರಿಲ್ಲದೆ ಕೂರುವುದು ಆಕೆಗೆ ಒಪ್ಪಿಗೆಯೇ ಎಂದು ಬಹುಮಂದಿ ಕೇಳುವುದು ಮುಂಗಡ ಪಡೆದ ಮೇಲೆ. ಮಾರದೆ ಭೋಗ್ಯಕ್ಕೆ ಕೊಡುವುದುಂಟು. ಮುಂದಿನ ಕೋಣೆಗಳನ್ನು ಕೊಟ್ಟು ಹಿಂದಿನದನ್ನು ಆಕೆಗೆ ಉಳಿಸಬಹುದು. ಮಾರಲೇಬೇಕಾದಲ್ಲಿ ಆಕೆ ಜೀವಿಸಿರುವವರೆಗೆ ಅಲ್ಲಿ ವಾಸಿಸುವ ಹಕ್ಕನ್ನು ಕ್ರಯಪತ್ರದಲ್ಲಿಯೇ ಬರೆಯಿಸಬೇಕು, ಬಾಯಿಮಾತಿಗೆ ಬಿಡಲಾಗದು. ಇದರಿಂದ ಬೆಲೆ ಇಳಿಯುವುದು ನಿಶ್ಚಯ. ಎಷ್ಟು ಇಳಿದರೆ ತಾಳಬಹುದೆಂಬ ಲೆಕ್ಕವನ್ನು ಮಕ್ಕಳು ದಲ್ಲಾಳಿಯನ್ನು ಕರೆಯುವ ಮುನ್ನ, ಆಕೆಯ ಎದುರಿನಲ್ಲಿಯೇ, ಹಾಕಿ ಮುಗಿಸತಕ್ಕದ್ದು.